ಹಿತ್ತಲಲ್ಲಿ ಹತ್ತು ಕೋಳಿ: ಕರಾವಳಿಯ ತೇವದಲ್ಲಿ ಮರಿ ಉಳಿಸಿಕೊಳ್ಳುವ ಬಗೆ

ಮೇ ತಿಂಗಳಲ್ಲಿ ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಕೋಳಿಮರಿ ಮಾರುವವರು ಅಂಕೋಲಾ, ಕುಮಟಾ, ಹೊನ್ನಾವರದ ಹಳ್ಳಿಗಳಿಗೆ ಬರುತ್ತಾರೆ. ಮಕ್ಕಳಿಗೆ ರಜೆ. ಹಟ ಹಿಡಿಯುತ್ತಾರೆ, ಹತ್ತು ಮರಿ ಮನೆಗೆ ಬರುತ್ತವೆ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದುಕೊಳ್ಳುತ್ತದೆ. ಆಷಾಢ ಕಳೆಯುವಷ್ಟರಲ್ಲಿ ಹತ್ತರಲ್ಲಿ ಎರಡೋ ಮೂರೋ ಉಳಿದಿದ್ದರೆ ಪುಣ್ಯ. "ಮೊಬೈಲಿನಲ್ಲಿ ತೋರಿಸಿದ ಹಾಗೇ ಮಾಡಿದ್ವಲ್ಲ" ಎಂಬ ಮಾತು ಆಮೇಲೆ ಕೇಳಿಬರುತ್ತದೆ.

ಮಾಡಿದ್ದರಲ್ಲಿ ತಪ್ಪಿಲ್ಲದಿರಬಹುದು. ಆದರೆ ಅಂಥ ವಿಡಿಯೊಗಳಲ್ಲಿ ಹೆಚ್ಚಿನವು ಬಯಲುಸೀಮೆಯವು. ಅಲ್ಲಿ ಬಿಸಿಲು ಮತ್ತು ಚಳಿಯದ್ದೇ ಚಿಂತೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಗೋಡೆಗೆ, ಚಪ್ಪಲಿಗೆ, ಬೀರುವಿನ ಬಟ್ಟೆಗೆ ಬೂಸ್ಟು ಬರುವ ಈ ಹವೆಯಲ್ಲಿ ಮರಿಯ ಮೊದಲ ವೈರಿ ತೇವ. ಮೈ ಒದ್ದೆಯಾಗುವುದು, ಕಾಲಡಿಯ ಹಾಸು ಒದ್ದೆಯಾಗುವುದು, ತಿನ್ನುವುದಕ್ಕೆ ಬೂಸ್ಟು ಹಿಡಿಯುವುದು: ಇಲ್ಲಿ ಮರಿಗಳಿಗೆ ಕುತ್ತು ಬರುವುದು ಹೆಚ್ಚಾಗಿ ಈ ಮೂರು ದಾರಿಯಲ್ಲೇ. ಕೋಳಿ ಸಾಕಣೆಯ ಉಳಿದ ಪಾಠಗಳನ್ನೂ ಈ ಒಂದು ಸಂಗತಿ ಹಿಡಿದುಕೊಂಡೇ ನೋಡಿದರೆ ಸುಲಭವಾಗಿ ತಲೆಗೆ ಹತ್ತುತ್ತವೆ.

ಬುಟ್ಟಿಯಲ್ಲಿರುವುದು ಯಾವ ಮರಿ?

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹಸಿರು, ಗುಲಾಬಿ ಬಣ್ಣ ಬಳಿದ ಮರಿಗಳು ಹೆಚ್ಚಾಗಿ ಮೊಟ್ಟೆ ಫಾರಂಗಳಿಗೆ ಮರಿ ಒದಗಿಸುವ ಹ್ಯಾಚರಿಗಳಿಂದ ಬಂದ ಗಂಡುಮರಿಗಳು. ಅವು ಮೊಟ್ಟೆ ಇಡುವುದಿಲ್ಲ, ಮಾಂಸವೂ ಬೇಗ ಕಟ್ಟುವುದಿಲ್ಲ. ಹ್ಯಾಚರಿಗೆ ಬೇಡವಾದವು ಎಂಬ ಕಾರಣಕ್ಕೇ ಅಗ್ಗ. ಬಿಳಿಯ ಬ್ರಾಯ್ಲರ್ ಮರಿ ಆರು ವಾರದೊಳಗೆ ಮಾಂಸಕ್ಕೆ ಬರಲೆಂದು ತಳಿ ಮಾಡಿದ್ದು. ಅದನ್ನು ಹಿತ್ತಲಲ್ಲಿ ವರ್ಷಗಟ್ಟಲೆ ಸಾಕಿದರೆ ಸ್ವಂತ ತೂಕಕ್ಕೇ ಕಾಲು ಸೋಲುತ್ತದೆ.

ಹಿತ್ತಲಿಗೆ ಹೊಂದುವುದು ಊರ ಕೋಳಿ. ಅದು ವರ್ಷಕ್ಕೆ ಇಡುವುದು ಸುಮಾರು 50ರಿಂದ 80 ಮೊಟ್ಟೆ ಮಾತ್ರ. ಆದರೆ ತಾನೇ ಕಾವಿಗೆ ಕೂರುತ್ತದೆ, ಮರಿ ನೋಡಿಕೊಳ್ಳುತ್ತದೆ, ಗಿಡುಗನ ನೆರಳು ಬಿದ್ದರೆ ಸಾಕು, ಪೊದೆ ಸೇರುತ್ತದೆ. ಮೊಟ್ಟೆ ಹೆಚ್ಚು ಬೇಕೆನ್ನುವವರಿಗೆ ಗಿರಿರಾಜ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದ ತಳಿ ಇದು, ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಅಲ್ಲಿಂದಲೇ 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು. ಮೈ ಹಗುರವಾಗಿರುವುದರಿಂದ ಕಾಡುಬೆಕ್ಕು, ನಾಯಿಗಳಿಂದ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ. ಕಾಡಂಚಿನ ಮನೆಗಳಿಗೆ ಇದು ಸಣ್ಣ ಮಾತಲ್ಲ. ಈ ತಳಿಗಳು ಕಾವಿಗೆ ಕೂರುವುದು ಅಪರೂಪ, ಆದ್ದರಿಂದ ಮರಿ ಬೇಕಾದಾಗ ಮತ್ತೆ ಕೊಳ್ಳಬೇಕು, ಇಲ್ಲವೇ ಅವುಗಳ ಮೊಟ್ಟೆಯನ್ನು ಊರ ಕೋಳಿಯ ಕೆಳಗಿಡಬೇಕು. ಎರಡನೆಯದೇ ಜಾಣತನ ಎಂದು ನನ್ನ ಎಣಿಕೆ.

ಮೊದಲ ಸಲ ಸಾಕುವವರು ಐದಾರು ವಾರ ಕಳೆದು ರೆಕ್ಕೆಪುಕ್ಕ ಬಂದ ಮರಿಯನ್ನೇ ಕೊಳ್ಳುವುದು ಒಳ್ಳೆಯದು. ದುಡ್ಡು ಹೆಚ್ಚು ಬೀಳುತ್ತದೆ, ಆದರೆ ಸಾಯುವ ಗಂಡಾಂತರದ ದಿನಗಳು ಅಷ್ಟರಲ್ಲಿ ಕಳೆದಿರುತ್ತವೆ.

ಮೊಟ್ಟೆಯೊಳಗಿನ 21 ದಿನ

ಹುಂಜನ ಜೊತೆ ಓಡಾಡಿದ ಹೇಂಟೆಯ ಮೊಟ್ಟೆಯಿಂದ ಮಾತ್ರ ಮರಿ ಬರುತ್ತದೆ. ತಿನ್ನುವ ಮೊಟ್ಟೆಗೆ ಹುಂಜ ಬೇಕಿಲ್ಲ. ಮರಿ ಮಾಡಿಸುವುದಾದರೆ ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು.

ಹೇಂಟೆ ದಿನಕ್ಕೊಂದರಂತೆ ಮೊಟ್ಟೆ ಇಡುತ್ತ ಹೋಗಿ, ಹನ್ನೆರಡು ಹದಿನೈದಾದ ಮೇಲೆ ಕಾವಿಗೆ ಕೂರುತ್ತದೆ. ಮೊದಲ ದಿನದ ಮೊಟ್ಟೆಗೂ ಕೊನೆಯ ದಿನದ್ದಕ್ಕೂ ಎರಡು ವಾರದ ಅಂತರವಿದ್ದರೂ ಮರಿಗಳು ಹೆಚ್ಚುಕಮ್ಮಿ ಒಂದೇ ದಿನ ಒಡೆದು ಬರುತ್ತವಲ್ಲ, ಹೇಗೆ? ಕಾವು ತಾಗುವವರೆಗೆ ಒಳಗಿನ ಬೆಳವಣಿಗೆ ನಿಂತಿರುತ್ತದೆ. ಸುಮಾರು 20 ಡಿಗ್ರಿಗಿಂತ ಕೆಳಗಿದ್ದರೆ ಭ್ರೂಣ ಪೂರ್ತಿ ಸುಮ್ಮನಿರುತ್ತದೆ. 37.5 ಡಿಗ್ರಿಯ ಆಸುಪಾಸು ಸಿಕ್ಕಾಗ ಸರಿಯಾಗಿ ಬೆಳೆಯುತ್ತದೆ. ಇವೆರಡರ ನಡುವಿನ ಬಿಸಿಯಲ್ಲಿ ಅರೆಬರೆ ಬೆಳೆದು ಸೋತು ಸಾಯುತ್ತದೆ. ಕಾರವಾರದ ಏಪ್ರಿಲ್ ಎಂದರೆ ಹಗಲಿಗೆ 33–34 ಡಿಗ್ರಿ, ರಾತ್ರಿಯೂ 25ರ ಮೇಲೆ. ಹಾಗಾಗಿ ಅಡುಗೆಮನೆಯ ಕಪಾಟಿನಲ್ಲಿ ಹತ್ತು ದಿನ ಕೂಡಿಟ್ಟ ಮೊಟ್ಟೆಯನ್ನು ಕಾವಿಗಿಟ್ಟರೆ ಅರ್ಧಕ್ಕರ್ಧ ಕೊಳೆಯುತ್ತವೆ. ಬೇಸಗೆಯಲ್ಲಿ ಮೂರು ನಾಲ್ಕು ದಿನದೊಳಗಿನ ಮೊಟ್ಟೆ, ತಂಪಿನ ತಿಂಗಳಲ್ಲಿ ಒಂದು ವಾರದೊಳಗಿನವು ಸರಿ. ಮಣ್ಣಿನ ಮಡಕೆಯಲ್ಲಿ ಮರಳೋ ಅಕ್ಕಿಯೋ ಹಾಕಿ, ಚೂಪು ತುದಿ ಕೆಳಗೆ ಮಾಡಿ ತಂಪಾದ ಮೂಲೆಯಲ್ಲಿಡುವ ಹಳೆಯ ರೂಢಿಗೆ ಕಾರಣ ಇದೇ.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಾವಿನ ಬುಟ್ಟಿಯಲ್ಲಿ ಕಬ್ಬಿಣದ ಮೊಳೆ ಇಡುವವರಿದ್ದಾರೆ. ಮೊಳೆಯಿಂದ ತೊಂದರೆಯೇನೂ ಇಲ್ಲ. ಆದರೆ ಗುಡುಗಿನ ಕಾಲವೆಂದರೆ ಏಪ್ರಿಲ್–ಮೇ, ವರ್ಷದ ಅತಿ ಸೆಕೆಯ ದಿನಗಳು. ಮೊಟ್ಟೆ ಕೆಡಿಸುವುದು ಆ ಸೆಕೆ.

ಏಳನೆಯ ದಿನ ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚಿನ ಬೆಳಕನ್ನು ಮೊಟ್ಟೆಯ ದಪ್ಪ ತುದಿಗೆ ಹಿಡಿದು ನೋಡಿ. ಬೆರಳುಗಳನ್ನು ಸುತ್ತ ಒತ್ತಿಟ್ಟು ಬೆಳಕು ಸೋರದಂತೆ ಮಾಡಿದರೆ ಒಳಗೆ ಕೆಂಪು ನರಗಳು ಕವಲೊಡೆದು ಹರಡಿರುವುದು, ನಡುವೆ ಒಂದು ಕಪ್ಪು ಚುಕ್ಕಿ ಕಾಣುತ್ತದೆ. ಏನೂ ಕಾಣದೆ ಹಳದಿಯಾಗಿ ಹೊಳೆದರೆ ಅದು ಖಾಲಿ ಮೊಟ್ಟೆ, ತೆಗೆದುಬಿಡಿ. 20ನೆಯ ದಿನದ ಆಸುಪಾಸು ಮರಿ ಚಿಪ್ಪಿಗೆ ತೂತು ಮಾಡಿ, ಮತ್ತೆ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಸುಮ್ಮನಿರುತ್ತದೆ. ಚಿಪ್ಪಿನ ಒಳಪೊರೆಯಲ್ಲಿರುವ ರಕ್ತ ಮೈಗೆ ಹಿಂತಿರುಗುವುದು, ಉಳಿದ ಹಳದಿ ಹೊಟ್ಟೆಯೊಳಕ್ಕೆ ಸೇರುವುದು ಈ ಹೊತ್ತಿನಲ್ಲೇ. ಪಾಪ ಅನ್ನಿಸಿ ಚಿಪ್ಪು ಬಿಡಿಸಿದರೆ ರಕ್ತ ಸೋರಿ ಮರಿ ಸಾಯುತ್ತದೆ. ಹೊಟ್ಟೆ ಸೇರಿದ ಆ ಹಳದಿಯ ಬಲದಿಂದಲೇ ಹುಟ್ಟಿದ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು. ಹ್ಯಾಚರಿಯಿಂದ ಬಸ್ಸಿನಲ್ಲಿ ಪೆಟ್ಟಿಗೆಗಟ್ಟಲೆ ಮರಿ ಕಳಿಸಲು ಸಾಧ್ಯವಾಗುವುದೂ ಇದರಿಂದಲೇ.

ಯಾವಾಗ ಕಾವಿಗಿಡುವುದು? ದೀಪಾವಳಿ ಕಳೆದ ಮೇಲೆ, ಮಳೆ ಪೂರ್ತಿ ನಿಂತಾಗ. ನವೆಂಬರ್ ಕೊನೆಗೆ ಹುಟ್ಟಿದ ಮರಿ ಒಣ ಹವೆಯಲ್ಲಿ ಬೆಳೆದು, ಮುಂದಿನ ಜೂನ್ ಹೊತ್ತಿಗೆ ಆರು ತಿಂಗಳ ಗಟ್ಟಿ ಕೋಳಿಯಾಗಿರುತ್ತದೆ.

ಅಮ್ಮನಿಲ್ಲದ ಮರಿಗೆ ಬಲ್ಬಿನ ಕಾವು

ದೊಡ್ಡ ಕೋಳಿಯ ಮೈಬಿಸಿ 41 ಡಿಗ್ರಿ ದಾಟುತ್ತದೆ. ಮರಿಗೆ ಮೊದಲ ಎರಡು ಮೂರು ವಾರ ತನ್ನ ಮೈಯನ್ನು ತಾನೇ ಬಿಸಿಯಾಗಿ ಇಟ್ಟುಕೊಳ್ಳಲು ಬರುವುದಿಲ್ಲ. ಮೈಮೇಲಿರುವುದು ನಯವಾದ ತುಪ್ಪುಳ ಅಷ್ಟೇ. ತುಪ್ಪುಳದ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ಹಿಡಿದಿಡುತ್ತದೆ. ಒದ್ದೆಯಾದರೆ ಎಳೆಗಳು ಒಂದಕ್ಕೊಂದು ಅಂಟಿ ಆ ಗಾಳಿ ಹೋಗುತ್ತದೆ, ನೀರು ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಒದ್ದೆ ಬನಿಯನ್ ಹಾಕಿಕೊಂಡು ಫ್ಯಾನಿನ ಕೆಳಗೆ ಕೂತಾಗ 28 ಡಿಗ್ರಿಯಲ್ಲೂ ಮೈ ನಡುಗುವುದಿಲ್ಲವೇ, ಹಾಗೆ. ಜುಲೈ ತಿಂಗಳಲ್ಲಿ "ಚಳಿಯೇ ಇಲ್ಲ, ಬಲ್ಬು ಯಾಕೆ" ಅಂದುಕೊಂಡ ಮನೆಯಲ್ಲಿ ಮರಿ ಸಾಯುವುದು ಹೀಗೆ.

ತಾಯಿಕೋಳಿ ಇದ್ದರೆ ರೆಕ್ಕೆಯಡಿ ಎಳೆದುಕೊಳ್ಳುತ್ತದೆ. ಇಲ್ಲದಿದ್ದರೆ ಆ ಕೆಲಸ ನಮ್ಮದು. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಅಥವಾ ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ಸುತ್ತಿ ಮಾಡಿದ ಆವರಣ ಸಾಕು. ಮೂಲೆಗಳಿಲ್ಲದ ದುಂಡು ಆವರಣ ಹೆಚ್ಚು ಒಳ್ಳೆಯದು. ಮೂಲೆಯಿದ್ದರೆ ಹೆದರಿದಾಗ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟುತ್ತವೆ. ಇಪ್ಪತ್ತು ಇಪ್ಪತ್ತೈದು ಮರಿಗೆ 60 ವಾಟಿನ ಹಳೆಯ ತಂತಿ ಬಲ್ಬು ಒಂದಡಿ ಮೇಲೆ ತೂಗಲಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಈಗ ಅಂಗಡಿಯಲ್ಲಿ ಕೇಳಿದರೆ ಮೊದಲು ಕೈಗೆ ಕೊಡುವುದು ಅದನ್ನೇ. ಬಲ್ಬನ್ನು ವೈರಿನಲ್ಲೇ ನೇತುಹಾಕದೆ ಸರಪಣಿಯಿಂದಲೋ ಗಟ್ಟಿ ಸರಿಗೆಯಿಂದಲೋ ಕಟ್ಟಿ. ಕೆಳಗಿರುವುದು ಭತ್ತದ ಉಮಿ, ಬಿದ್ದರೆ ಬೆಂಕಿ.

ಲೆಕ್ಕ ಹೇಳುವುದಾದರೆ ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಕೆ. ಕುಮಟಾದ ಏಪ್ರಿಲ್ ಹಗಲಿನಲ್ಲಿ ಬಲ್ಬೇ ಬೇಡ, ರಾತ್ರಿಗೆ ಸಾಕು. ಅದೇ ಘಟ್ಟದ ಮೇಲೆ ಶಿರಸಿಯಲ್ಲಿ ಡಿಸೆಂಬರ್–ಜನವರಿಯ ರಾತ್ರಿ 15 ಡಿಗ್ರಿಯ ಸುತ್ತ ಇಳಿಯುವುದರಿಂದ ಐದು ವಾರವಾದರೂ ಬೇಕು. ಆದರೆ ಥರ್ಮಾಮೀಟರಿಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ. ಕತ್ತಲಾದ ಮೇಲೆ ಒಂದು ಗಳಿಗೆ ನಿಂತು ನೋಡಿ. ಬಲ್ಬಿನ ಕೆಳಗೆ ಒತ್ತಿಕೊಂಡು ಕೀಚಲು ದನಿಯಲ್ಲಿ ಒಂದೇ ಸಮ ಕೂಗುತ್ತಿದ್ದರೆ ಚಳಿ. ಬಲ್ಬಿನಿಂದ ದೂರ ಅಂಚಿಗೆ ಹೋಗಿ ಬಾಯಿ ತೆರೆದು ರೆಕ್ಕೆ ಅಗಲಿಸಿದ್ದರೆ ಸೆಕೆ. ಎಲ್ಲ ಒಂದೇ ಪಕ್ಕದಲ್ಲಿ ಗುಂಪಾಗಿದ್ದರೆ ಎದುರಿನ ಪಕ್ಕದಿಂದ ಗಾಳಿ ನುಗ್ಗುತ್ತಿದೆ ಎಂದರ್ಥ. ಅಲ್ಲಲ್ಲಿ ಹರಡಿಕೊಂಡು, ಕೆಲವು ತಿನ್ನುತ್ತ, ಕೆಲವು ಕಾಲು ಚಾಚಿ ಮಲಗಿದ್ದರೆ ಕಾವು ಸರಿಯಾಗಿದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗಾಲದಲ್ಲಿ ಕರೆಂಟು ನಂಬಿ ಕೂರುವಂತಿಲ್ಲ. ಹೋದಾಗ ಬಿಸಿನೀರು ತುಂಬಿದ ಬಾಟಲಿಗೆ ಹಳೆ ಬಟ್ಟೆ ಸುತ್ತಿ ಒಳಗಿಟ್ಟು, ಪೆಟ್ಟಿಗೆಯ ಮೇಲೆ ಅರ್ಧಕ್ಕೆ ಗೋಣಿ ಹೊದಿಸಿದರೆ ಎರಡು ಮೂರು ಗಂಟೆ ತಡೆಯುತ್ತದೆ. ಮಡಕೆಯಲ್ಲಿ ಕೆಂಡ ಇಡುವುದಾದರೆ ಕೋಣೆಯ ಕಿಟಕಿ ತೆರೆದಿರಲೇಬೇಕು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಮರಿಗಳನ್ನೂ ಮನುಷ್ಯರನ್ನೂ ಕೊಲ್ಲುತ್ತದೆ.

ಮರಿ ಮನೆಗೆ ಬಂದ ಕೂಡಲೇ ಮೊದಲು ನೀರು, ಗಂಟೆ ಕಳೆದ ಮೇಲೆ ತಿಂಡಿ. ಒಂದೆರಡು ಮರಿಯ ಕೊಕ್ಕನ್ನು ನೀರಿಗೆ ತಾಗಿಸಿದರೆ ಉಳಿದವು ನೋಡಿ ಕಲಿಯುತ್ತವೆ. ದೂರದಿಂದ ಬಂದು ಬಳಲಿದ್ದರೆ ನೀರಿಗೆ ಚೂರು ಬೆಲ್ಲ ಹಾಕಬಹುದು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿಡಿ. ಕಲ್ಲಿನ ಸಂದಿಯಲ್ಲಿ ಕೊಕ್ಕು ಹೋಗಬೇಕು, ಮರಿ ಇಳಿಯಬಾರದು.

ಕಾಲಡಿಯ ಹಾಸು ಮತ್ತು ರಕ್ತಭೇದಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದಲು ಪುರುಸೊತ್ತಿದ್ದರೆ ಇದನ್ನು ಓದಿ.

ಹಾಸಲು ಭತ್ತದ ಉಮಿ ಎಲ್ಲಕ್ಕಿಂತ ಒಳ್ಳೆಯದು. ಅಕ್ಕಿ ಗಿರಣಿಯಲ್ಲಿ ಸಿಗುತ್ತದೆ. ಎರಡು ಮೂರು ಇಂಚು ದಪ್ಪ ಹಾಸಬೇಕು. ಮರದ ಪುಡಿಯೂ ಆಗುತ್ತದೆ, ಆದರೆ ಮೊದಲ ಎರಡು ಮೂರು ದಿನ ತಿಂಡಿ ಯಾವುದು, ಪುಡಿ ಯಾವುದು ತಿಳಿಯದೆ ಮರಿ ಅದನ್ನೇ ನುಂಗುತ್ತದೆ. ಅಷ್ಟು ದಿನ ಮೇಲೊಂದು ಗೋಣಿ ಹಾಸಿಡಿ. ಬರೀ ಪೇಪರು ಹಾಸಬೇಡಿ. ಅದರ ಮೇಲೆ ಕಾಲು ಜಾರಿ ಎರಡೂ ಕಾಲು ಪಕ್ಕಕ್ಕೆ ಸರಿದುಬಿಟ್ಟ ಮರಿ ಮತ್ತೆ ನೆಟ್ಟಗಾಗುವುದು ಕಷ್ಟ. ಶಿರಸಿ ಕಡೆಯ ದರಕು (ಉದುರಿದ ತರಗೆಲೆ) ಒಣಗಿದ್ದರೆ ನಡೆಯುತ್ತದೆ, ಮಳೆಗಾಲದಲ್ಲಿ ಬೆಟ್ಟದಿಂದ ತಂದದ್ದು ಬೇಡವೇ ಬೇಡ.

ಹಾಸು ಒಣಗಿರಬೇಕು ಎಂಬುದಕ್ಕೆ ಚೊಕ್ಕಟತನ ಒಂದೇ ಕಾರಣವಲ್ಲ. ಕೋಳಿಯ ಕರುಳಿನಲ್ಲಿ ಕಾಕ್ಸಿಡಿಯಾ ಎಂಬ, ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಇರುತ್ತದೆ. ದೊಡ್ಡ ಕೋಳಿಯಲ್ಲಿ ಅದು ಸದ್ದಿಲ್ಲದೆ ಇದ್ದುಬಿಡಬಹುದು. ಹಿಕ್ಕೆಯ ಜೊತೆ ಅದರ ಮೊಟ್ಟೆಗಳಂಥ ಕಣಗಳು ಹೊರಬೀಳುತ್ತವೆ. ಬಿದ್ದ ಕೂಡಲೇ ಅವು ರೋಗ ತರುವುದಿಲ್ಲ. ಬೆಚ್ಚಗಿನ ಹವೆ ಮತ್ತು ತೇವ ಎರಡೂ ಒಂದೆರಡು ದಿನ ಸಿಕ್ಕರೆ ಮಾತ್ರ ಪಕ್ವವಾಗುತ್ತವೆ. ಕರಾವಳಿಯ ಜೂನ್–ಜುಲೈಯಲ್ಲಿ ಇವೆರಡಕ್ಕೂ ಬರವಿಲ್ಲ. ಕೆದರುತ್ತ ಕುಟುಕುತ್ತ ಮರಿ ಅವನ್ನು ನುಂಗುತ್ತದೆ, ಅವು ಕರುಳಿನ ಒಳಗೋಡೆಯನ್ನು ಒಡೆಯುತ್ತವೆ. ಮೂರರಿಂದ ಆರು ವಾರದ ಮರಿ ರೆಕ್ಕೆ ಇಳಿಬಿಟ್ಟು, ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ನಿಂತಿದ್ದು ಹಿಕ್ಕೆಯಲ್ಲಿ ರಕ್ತ ಕಂಡರೆ ಇದೇ ಎಂದು ತಿಳಿಯಿರಿ. ಆಂಪ್ರೋಲಿಯಂ ಎಂಬ ಔಷಧಿಯನ್ನು ನೀರಿನಲ್ಲಿ ಕೊಡುತ್ತಾರೆ. ಪ್ರಮಾಣವನ್ನು ಪಶುವೈದ್ಯರಿಂದ ಕೇಳಿಕೊಳ್ಳಿ. ಮೊದಲ ದಿನವೇ ಶುರುಮಾಡಿದರೆ ಬಹಳಷ್ಟು ಉಳಿಯುತ್ತವೆ. ಇದು ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ, ಆದ್ದರಿಂದ ಕೈಗೆ ಸಿಕ್ಕ ಆ್ಯಂಟಿಬಯಾಟಿಕ್ ಪುಡಿ ಹಾಕಿದರೆ ಉಪಯೋಗವಿಲ್ಲ.

ಹಾಸು ಸರಿಯಿದೆಯೇ ನೋಡಲು ಒಂದು ಹಿಡಿ ಉಮಿ ಎತ್ತಿ ಮುಷ್ಟಿ ಬಿಗಿದು ಬಿಡಿ. ಪುಡಿಪುಡಿಯಾಗಿ ಉದುರಿದರೆ ಸರಿ, ಉಂಡೆ ಕಟ್ಟಿದರೆ ತೇವ ಹೆಚ್ಚಾಗಿದೆ. ಮತ್ತೆ ಬಗ್ಗಿ, ಮರಿಯ ತಲೆಯ ಎತ್ತರಕ್ಕೆ ಮೂಗು ತಂದು ಉಸಿರೆಳೆಯಿರಿ. ಕಣ್ಣು ಉರಿಯುವ ಘಾಟು ಬಂದರೆ ಅದು ಅಮೋನಿಯಾ. ನಿಂತವರ ಮೂಗಿಗೆ ಗೊತ್ತಾಗದ ಘಾಟನ್ನು ಮರಿ ದಿನವಿಡೀ ಉಸಿರಾಡುತ್ತಿರುತ್ತದೆ, ಅದರಿಂದ ನೆಗಡಿ, ಗೊರಗೊರ. ಹೆಚ್ಚಿನ ತೇವ ಬರುವುದು ನೀರಿನ ಪಾತ್ರೆಯ ಸುತ್ತ. ಅದನ್ನು ಇಟ್ಟಿಗೆಯ ಮೇಲೆ ಮರಿಯ ಬೆನ್ನಿನ ಮಟ್ಟಕ್ಕೆ ಎತ್ತಿಡಿ, ಸುತ್ತಲಿನ ಒದ್ದೆ ಉಮಿಯನ್ನು ದಿನವೂ ತೆಗೆಯಿರಿ, ಉಳಿದದ್ದನ್ನು ಕೈಯಾಡಿಸಿ ಮೇಲೆ ಕೆಳಗೆ ಮಾಡಿ. ಮಳೆಗಾಲಕ್ಕೆ ಬೇಕಾದ ಉಮಿಯನ್ನು ಮೇ ತಿಂಗಳಲ್ಲೇ ಚೀಲ ತುಂಬಿ ಅಟ್ಟಕ್ಕೆ ಹಾಕಿಡಬೇಕು. ಜುಲೈಯಲ್ಲಿ ಹುಡುಕಿದರೆ ಸಿಗುವುದೂ ಒದ್ದೆಯದೇ.

ತಿನ್ನಿಸುವುದು ಏನನ್ನು?

ಮರಿಗೆ ನುಚ್ಚಕ್ಕಿ ಹಾಕುವುದು ನಮ್ಮಲ್ಲಿ ವಾಡಿಕೆ. ತಾಯಿಯ ಜೊತೆ ಹಿತ್ತಲು ಸುತ್ತುವ ಮರಿಗೆ ಅದು ನಡೆಯುತ್ತದೆ, ಯಾಕೆಂದರೆ ಹುಳುಹುಪ್ಪಟೆಯನ್ನು ತಾಯಿ ಕೆದರಿ ಕೊಡುತ್ತದೆ. ಪೆಟ್ಟಿಗೆಯಲ್ಲಿರುವ ಮರಿಗೆ ಬರೀ ನುಚ್ಚು ಸಾಲದು. ಅಕ್ಕಿಯಲ್ಲಿ ಪ್ರೋಟೀನು ನೂರಕ್ಕೆ ಏಳೆಂಟು ಭಾಗ, ಬೆಳೆಯುವ ಮರಿಗೆ ಬೇಕಾದದ್ದು ಇಪ್ಪತ್ತರ ಮೇಲೆ. ಮೊದಲ ಆರರಿಂದ ಎಂಟು ವಾರ ಎಳೆಮರಿಗೆಂದೇ ಮಾಡಿದ ಅಂಗಡಿಯ ಚಿಕ್ ಸ್ಟಾರ್ಟರ್ ಫೀಡ್ ಕೊಡಿ. ಹಣ ಖರ್ಚಾಗುವುದು ಇಲ್ಲೇ, ಉಳಿಸಬಾರದ್ದೂ ಇಲ್ಲೇ. ಮೊಟ್ಟೆಕೋಳಿಯ ಫೀಡನ್ನು ಮರಿಗೆ ಹಾಕಬಾರದು, ಅದರಲ್ಲಿರುವ ಹೆಚ್ಚಿನ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ಕೆಡಿಸುತ್ತದೆ.

ಒರಲೆ (ಗೆದ್ದಲು) ತಿನ್ನಿಸುವುದು ಹಳೆಯ, ಒಳ್ಳೆಯ ಉಪಾಯ. ಮಡಕೆಯಲ್ಲಿ ಹರಕು ಗೋಣಿ, ಒಣಹುಲ್ಲು, ಸೆಗಣಿ ತುಂಬಿ ಸ್ವಲ್ಪ ನೀರು ಚಿಮುಕಿಸಿ ಒರಲೆಯಿರುವ ಜಾಗದಲ್ಲಿ ಸಂಜೆ ಬೋರಲು ಹಾಕಿದರೆ ಬೆಳಗ್ಗೆ ಒರಲೆ ಹತ್ತಿರುತ್ತದೆ. ಮರಿಗಳ ಮುಂದೆ ಕೊಡವಿದರೆ ಮುಗಿಯಿತು.

ಒಣಮೀನಿನ ಚೂರು ಕೊಡುವವರು ಉಪ್ಪು ಹಾಕಿದ ಮೀನನ್ನು ಕೊಡಬಾರದು. ಕೋಳಿಗೆ, ಅದರಲ್ಲೂ ಮರಿಗೆ, ಹೆಚ್ಚಿನ ಉಪ್ಪು ವಿಷ. ಉಪ್ಪಿಲ್ಲದೆ ಬಿಸಿಲಲ್ಲಿ ಒಣಗಿಸಿದ ಸಣ್ಣ ಮೀನನ್ನು ಪುಡಿ ಮಾಡಿ ಚೂರು ಬೆರೆಸಬಹುದು. ಹೆಚ್ಚಾದರೆ ಮೊಟ್ಟೆಯೂ ಮೀನು ನಾರುತ್ತದೆ.

ಮಳೆಗಾಲದಲ್ಲಿ ದೊಡ್ಡ ಅಪಾಯ ಚೀಲದಲ್ಲೇ ಇರುತ್ತದೆ. ತೇವ ಸೇರಿದ ಮೆಕ್ಕೆಜೋಳ, ಶೇಂಗಾ ಹಿಂಡಿ, ಫೀಡಿನ ಮೇಲೆ ಬೆಳೆಯುವ ಒಂದು ಬಗೆಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. ಅದು ಯಕೃತ್ತನ್ನು ಹಾಳು ಮಾಡುತ್ತದೆ, ರೋಗ ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ. ಬಿಸಿಲಿಗೆ ಹಾಕಿ ಬೂಸ್ಟು ಉಜ್ಜಿ ತೆಗೆದರೂ, ಬೇಯಿಸಿದರೂ ವಿಷ ಉಳಿದಿರುತ್ತದೆ. ಬೂಸ್ಟು ಕಂಡ ಫೀಡನ್ನು ಗೊಬ್ಬರಗುಂಡಿಗೂ ಎಸೆಯದೆ ಹೂತುಬಿಡಿ, ಗುಂಡಿಯಲ್ಲಿದ್ದರೆ ಕೋಳಿ ಅಲ್ಲೇ ಹೋಗಿ ಕೆದರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತು ಹದಿನೈದು ದಿನಕ್ಕಾಗುವಷ್ಟೇ ತಂದು, ಮುಚ್ಚಳದ ಡಬ್ಬದಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.

ದೊಡ್ಡ ಕೋಳಿಗೆ ದಿನಕ್ಕೆ ನೂರು ಗ್ರಾಂ ಆಸುಪಾಸು ತಿಂಡಿ ಬೇಕು. ಹಿತ್ತಲಲ್ಲಿ ಮೇಯುವ ಊರ ಕೋಳಿಗೆ ಅದರಲ್ಲಿ ಅರ್ಧದಷ್ಟು ಭತ್ತ, ತೌಡು, ಅಡುಗೆಮನೆಯ ಉಳಿಕೆ ಸಾಕಾಗುತ್ತದೆ. ಮೊಟ್ಟೆಚಿಪ್ಪು ಹೆಚ್ಚುಕಮ್ಮಿ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟು, ಒಂದು ಮೊಟ್ಟೆಗೆ ಎರಡು ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಇದಕ್ಕೆ ಕರಾವಳಿಯವರು ಪೇಟೆಗೆ ಹೋಗಬೇಕಿಲ್ಲ. ಅಘನಾಶಿನಿ, ಕಾಳಿ ನದಿಗಳ ಅಳಿವೆಯ ಬಳಚಿನ (ಚಿಪ್ಪುಮೀನಿನ) ಚಿಪ್ಪನ್ನು ತೊಳೆದು ಒಣಗಿಸಿ ಒರಟಾಗಿ ಕುಟ್ಟಿ ಬೇರೆ ಬಟ್ಟಲಲ್ಲಿಡಿ. ಚಿಪ್ಪು ಗಟ್ಟಿಯಾಗುವುದು ರಾತ್ರಿ, ಅದಕ್ಕೇ ಹೇಂಟೆ ಸಂಜೆಯ ಹೊತ್ತಿಗೆ ಆ ಬಟ್ಟಲು ಹುಡುಕಿಕೊಂಡು ಬರುತ್ತದೆ. ಅದೇ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ಬಾಯಿ ಸುಡುತ್ತದೆ, ಅದನ್ನು ತಿನ್ನಲು ಇಡಬಾರದು.

ಗೂಡು

ರಾತ್ರಿ ಮಲಗಲು ಕೋಳಿಯೊಂದಕ್ಕೆ ಎರಡು ಚದರಡಿ ಸಾಕು, ಹಗಲು ಹೊರಗೆ ಬಿಡುವುದಾದರೆ. ನೆಲದಿಂದ ಎರಡು ಮೂರು ಅಡಿ ಎತ್ತರಿಸಿ, ಅಡಿಕೆ ದಬ್ಬೆಯನ್ನು (ಮರದ ಸೀಳನ್ನು) ಬೆರಳು ಹೋಗುವಷ್ಟು ಸಂದಿ ಬಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಬೀಳುತ್ತದೆ, ತೇವ ನಿಲ್ಲುವುದಿಲ್ಲ. ಮಳೆಗಾಳಿ ಬರುವುದು ಪಡುವಣ ಮತ್ತು ನೈಋತ್ಯದಿಂದ, ಆ ಪಕ್ಕ ಗೋಡೆಯಿರಲಿ. ಉಳಿದ ಪಕ್ಕಕ್ಕೆ ಜಾಲರಿ, ಮೇಲೆ ಎರಡಡಿ ಮುಂಚಾಚಿದ ಮಾಡು. ಮಳೆ ಬರುತ್ತದೆಂದು ನಾಲ್ಕೂ ಕಡೆ ತಾಡಪಾಲು ಬಿಗಿದರೆ ಒಳಗಿನ ಉಸಿರಿನ ತೇವವೇ ಸಾಕು, ಹಾಸು ನೀರಾಗುತ್ತದೆ. ಮೊಣಕಾಲಿನ ಮಟ್ಟದಲ್ಲಿ ಗಾಳಿ ಬೇಡ, ಮಾಡಿನ ಕೆಳಗೆ ಗಾಳಿ ಬೇಕು. ಬರೀ ತಗಡಿನ ಮಾಡು ಬೇಸಗೆಯಲ್ಲಿ ಸುಡುತ್ತದೆ, ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಮೇಲೆ ತೆಂಗಿನ ಮಡಲು ಹೊದಿಸಿ, ಅಥವಾ ಹೆಂಚು ಹಾಕಿ.

ಅಂಗಡಿಯ ತೆಳು ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ಮುಂಗುಸಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮಾಡಿದ ಜಾಲರಿಯೇ ಬೇಕು. ಕೇರೆಹಾವು, ಹೆಗ್ಗಣ ನುಸುಳುವ ತೂತಿಗೂ ಅದೇ ಮದ್ದು. ಹಗಲಲ್ಲಿ ಮರಿ ಒಯ್ಯುವ ಕಾಗೆ, ಗಿಡುಗಗಳಿಗೆ ಮೊದಲ ಎರಡು ತಿಂಗಳು ಮೇಲೆ ಹಳೆ ಮೀನಿನ ಬಲೆ ಕಟ್ಟಿದರೆ ಸಾಕು, ಬಲೆಗೆ ನಮ್ಮಲ್ಲಿ ಕೊರತೆಯಿಲ್ಲ. ನಾಗರ, ಹೆಬ್ಬಾವು, ಉಡ, ಮುಂಗುಸಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ, ಕೊಲ್ಲುವಂತಿಲ್ಲ. ಗೂಡಿನ ಒಂದು ಮೂಲೆಯಲ್ಲಿ ಮಳೆ ತಾಗದಂತೆ ಬೂದಿ ಮತ್ತು ಒಣಮಣ್ಣಿನ ಗುಂಡಿ ಇರಲಿ. ಅದರಲ್ಲಿ ಹೊರಳಾಡಿಯೇ ಕೋಳಿ ಹೇನು ಕಳೆದುಕೊಳ್ಳುವುದು.

ಲಸಿಕೆ: ನೆರೆಮನೆಯವರ ಜೊತೆ ಸೇರಿ

ಒಂದೇ ವಾರದಲ್ಲಿ ಊರಿನ ಕೋಳಿಯೆಲ್ಲ ಸಾಯುವುದನ್ನು ಹಳಬರು ಕಂಡಿದ್ದಾರೆ. ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಬೀಳುವುದು: ಇದು ಕೊಕ್ಕರೆ ರೋಗ, ರಾಣಿಖೇತ್ ಎಂದೂ ಹೆಸರು. ವೈರಸ್ಸಿನಿಂದ ಬರುತ್ತದೆ, ಬಂದ ಮೇಲೆ ಔಷಧಿಯಿಲ್ಲ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ, ನಾಲ್ಕನೆಯ ವಾರ ಮತ್ತೊಮ್ಮೆ ನೀರಿನಲ್ಲಿ, ಎಂಟರಿಂದ ಹತ್ತನೆಯ ವಾರದಲ್ಲಿ ರೆಕ್ಕೆಯಡಿ ಚುಚ್ಚುಮದ್ದು. ನಡುವೆ ಎರಡನೆಯ ವಾರದಲ್ಲಿ ಗುಂಬೋರೊ ರೋಗದ್ದು, ಆರರಿಂದ ಎಂಟನೆಯ ವಾರದಲ್ಲಿ ಕೋಳಿ ಸಿಡುಬಿನದ್ದು. ಸಿಡುಬನ್ನು ಸೊಳ್ಳೆಯೂ ಹರಡುತ್ತದೆ, ನಮ್ಮ ಮಳೆಗಾಲದಲ್ಲಿ ಜುಟ್ಟಿನ ಮೇಲೆ ಗಂಟು ಕಾಣಿಸುವುದು ಅದಕ್ಕೇ. ಹ್ಯಾಚರಿಯ ಮರಿಯಾದರೆ ಮೊದಲ ದಿನವೇ ಹಾಕುವ ಮಾರೆಕ್ಸ್ ರೋಗದ ಲಸಿಕೆ ಆಗಿದೆಯೇ ಕೇಳಿ.

ತೊಡಕು ಏನೆಂದರೆ ಲಸಿಕೆಯ ಸಣ್ಣ ಬಾಟಲಿಯಲ್ಲೂ ನೂರು ಕೋಳಿಗಾಗುವಷ್ಟು ಇರುತ್ತದೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಬಳಸಿ ಮುಗಿಸಬೇಕು. ಹತ್ತು ಮರಿಯವರು ಒಬ್ಬರೇ ತಂದರೆ ತೊಂಬತ್ತು ಪಾಲು ಚರಂಡಿಗೆ. ಕೇರಿಯ ಎಂಟು ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿಕೊಂಡು, ಪಶು ಆಸ್ಪತ್ರೆಯಲ್ಲಿ ಹೇಳಿ, ಸಂಜೆ ಕೋಳಿ ಗೂಡು ಸೇರಿದ ಮೇಲೆ ಹಾಕಿಸುವುದು ಸರಿಯಾದ ದಾರಿ. ರೋಗ ಮನೆಯಿಂದ ಮನೆಗೆ ಹೋಗುವುದರಿಂದ ಪಕ್ಕದ ಮನೆಯ ಕೋಳಿಗೆ ಲಸಿಕೆಯಾದರೆ ಲಾಭ ನಮಗೂ ಇದೆ.

ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆಯಾಗಿ ಕಟ್ಟಿ. ರೋಗ ಬಂತೆಂದ ಕೂಡಲೇ ಉಳಿದವನ್ನು ಮಾರುವುದರಿಂದಲೇ ಅದು ಮುಂದಿನ ಊರಿಗೆ ಹೋಗುವುದು. ಸತ್ತದ್ದನ್ನು ಹಳ್ಳಕ್ಕೆ ಎಸೆಯದೆ ಮೂರಡಿ ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು. ಒಮ್ಮೆಗೇ ಹಲವು ಕೋಳಿ ಸತ್ತರೆ ಹಕ್ಕಿಜ್ವರವೂ ಇರಬಹುದು. ನಮ್ಮ ರಾಜ್ಯದಲ್ಲಿ 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕಾಣಿಸಿತ್ತು. ಅಂಥ ಸಾವಿನಲ್ಲಿ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ಮರಿ ಮುಟ್ಟಿದ ಮಕ್ಕಳಿಗೆ ಸೋಪಿನಲ್ಲಿ ಕೈ ತೊಳೆಸುವುದು ದಿನನಿತ್ಯದ ಅಭ್ಯಾಸವಾಗಲಿ, ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯ ಇರಬಹುದು.

ಮೊಟ್ಟೆಯ ಲೆಕ್ಕ

ಊರ ಕೋಳಿ ಯಾಕಿಷ್ಟು ಕಡಿಮೆ ಮೊಟ್ಟೆ ಇಡುತ್ತದೆ ಎಂದು ಬೇಸರಪಡುವವರು ಅದರ ವರ್ಷವನ್ನು ಲೆಕ್ಕ ಹಾಕಬೇಕು. ಹದಿನೈದು ಇಪ್ಪತ್ತು ದಿನ ಮೊಟ್ಟೆ, 21 ದಿನ ಕಾವು, ಎರಡು ತಿಂಗಳು ಮರಿಯ ಹಿಂದೆ ಓಡಾಟ. ಒಂದು ಸುತ್ತಿಗೆ ಮೂರು ತಿಂಗಳಿಗೂ ಚೂರು ಹೆಚ್ಚು, ವರ್ಷಕ್ಕೆ ಮೂರೋ ನಾಲ್ಕೋ ಸುತ್ತು. ಮರಿಗಳನ್ನು ಬೇಗ ಬೇರೆ ಮಾಡಿ ಬಲ್ಬಿನ ಕೆಳಗೆ ಸಾಕಿದರೆ ಹೇಂಟೆ ಬೇಗ ಮೊಟ್ಟೆಗೆ ಬರುತ್ತದೆ. ಮರಿ ಬೇಡವಾದಾಗ ಕಾವು ಬಿಡಿಸಲು ನೀರಿನಲ್ಲಿ ಅದ್ದುವ ರೂಢಿಯಿದೆ, ಮಳೆಗಾಲದಲ್ಲಿ ಅದು ಕೋಳಿಗೆ ಹಿಂಸೆ. ಕೆಳಗಿಂದ ಗಾಳಿಯಾಡುವ ದಬ್ಬೆಯ ಪಂಜರದಲ್ಲಿ ಹಾಸಿಲ್ಲದೆ ಮೂರು ನಾಲ್ಕು ದಿನ ಇಟ್ಟರೆ ಹೊಟ್ಟೆ ತಂಪಾಗಿ ತಾನೇ ಬಿಡುತ್ತದೆ. ತಿಂಡಿ, ನೀರು ಎಂದಿನಂತೆ ಇರಲಿ.

ಜುಲೈಯಲ್ಲಿ ಹೇಂಟೆ ಕೆಸರುಗಾಲಲ್ಲಿ ಬಂದು ಕೂರುವುದರಿಂದ ಮೊಟ್ಟೆ ಕೊಳೆಯಾಗಿರುತ್ತದೆ. ಸಿಕ್ಕಕೂಡಲೇ ತೊಳೆಯಲು ಹೋಗಬೇಡಿ. ಚಿಪ್ಪಿನ ಮೇಲೆ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ, ಅವನ್ನು ಮುಚ್ಚುವ ತೆಳು ಪೊರೆ ನೀರಿಗೆ ಕಳಚುತ್ತದೆ, ಹೊರಗಿನ ಕೊಳೆ ಒಳಗೆ ಹೋಗಲು ದಾರಿಯಾಗುತ್ತದೆ. ಒಣಬಟ್ಟೆಯಲ್ಲೋ ತೆಂಗಿನ ನಾರಿನಲ್ಲೋ ಒರೆಸಿ. ತೊಳೆಯಲೇಬೇಕಾದಷ್ಟು ಕೆಸರಾಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಅಂದೇ ಬೇಯಿಸಿಬಿಡಿ. ಮೊಟ್ಟೆಗೂಡಿನ ಒಣಹುಲ್ಲನ್ನು ಎರಡು ದಿನಕ್ಕೊಮ್ಮೆ ಬದಲಾಯಿಸಿ, ಗೂಡಿನ ಬಾಗಿಲಲ್ಲಿ ಕಾಲೊರೆಸಲು ಒಂದು ಮೊಳ ಅಗಲಕ್ಕೆ ಉಮಿ ಹರಡಿದರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ.